ತೆರೆಯ ಮೇಲಿನ ಕೊಲೆ ಮತ್ತು ನೋಡುವವನ ಅನುಮೋದನೆ

ತುಂಗಭದ್ರೆಯ ದಂಡೆಯಲ್ಲಿರುವ ಸಿಂಗಟಾಲೂರಿನವರು ಹಿಂದೆ ಸಿನೆಮಾ ನೋಡಬೇಕೆಂದರೆ ಮುಂಡರಗಿಗೋ ಗದಗಿಗೋ ಬಸ್ಸು ಹತ್ತಬೇಕಾಗಿತ್ತು. ಅದಕ್ಕೆ ಮನೆಯ ಹಿರಿಯರ ಒಪ್ಪಿಗೆ ಬೇಕು, ಟಿಕೀಟಿಗೆ ದುಡ್ಡು ಬೇಕು, ತಿರುಗಿ ಬರುವ ಬಸ್ಸಿನ ಚಿಂತೆ ಬೇರೆ. ಇಂದು ಆ ಯಾವ ತಡೆಯೂ ಉಳಿದಿಲ್ಲ. ಸಿಂಗಟಾಲೂರಿನಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಗದಗ-ಬೆಟಗೇರಿಯಲ್ಲಾಗಲಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆಗಳಲ್ಲಿಯೂ, ನೀರನ್ನು ಸೋಸಿ ಕುಡಿಯುವ ಮನೆಗಳಲ್ಲಿಯೂ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಂಗೈಯಗಲದ ಮೊಬೈಲಿನ ತೆರೆಯಲ್ಲಿ ಒಬ್ಬನು ಒಬ್ಬರಾದ ಮೇಲೆ ಒಬ್ಬರನ್ನು ಕೊಲ್ಲುತ್ತ ಹೋಗುತ್ತಾನೆ. ಇನ್ನೊಬ್ಬನು ಅವನ ಬೆನ್ನು ಹತ್ತಿರುತ್ತಾನೆ. ಸರಣಿ ಹಂತಕ ಮತ್ತು ಪತ್ತೇದಾರ ಎಂಬ ಈ ಜೋಡಿಯ ಕಥೆಗೆ ಭಾಷೆಯ ಗಡಿಯಿಲ್ಲ, ಪ್ರೇಕ್ಷಕರ ಕೊರತೆಯೂ ಇಲ್ಲ.

ಇರುವೆಯನ್ನು ತುಳಿಯಲು ಹಿಂಜರಿಯುವ ಶ್ರಾವಕನು ಇಂಥ ಚಿತ್ರವನ್ನು ನೋಡುತ್ತ ಕುಳಿತಾಗ ಅವನ ಅಹಿಂಸಾಣುವ್ರತಕ್ಕೆ ಏನಾದರೂ ಕುಂದು ಬರುತ್ತದೆಯೇ? ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ವ್ರತವೆಂಬುದು ಮನಸ್ಸು, ಮಾತು, ಕಾಯ ಈ ಮೂರಕ್ಕೂ ಸಂಬಂಧಿಸಿದ್ದೆಂದು ಒಪ್ಪಿದವರು ಎರಡೂವರೆ ತಾಸು ಮನಸ್ಸು ಎಲ್ಲಿತ್ತು ಎಂಬುದನ್ನು ಕೇಳಿಕೊಳ್ಳದೆ ಇರಲಾಗದು.

ಮನೆಗಳಲ್ಲಿ ಈ ಪ್ರಶ್ನೆಗೆ ಸಿದ್ಧವಾಗಿರುವ ಉತ್ತರಗಳು ಎರಡು. ಹಿರಿಯರದು ಒಂದು: ಇದೆಲ್ಲ ದುಃಶ್ರುತಿ, ಆದ್ದರಿಂದ ತ್ಯಾಜ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಬಗೆಯ ಅನರ್ಥದಂಡಗಳನ್ನು ಹೇಳುವಾಗ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ಪ್ರಮಾದಚರ್ಯೆಗಳ ಜೊತೆಗೆ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳ ಶ್ರವಣವನ್ನೂ ಎಣಿಸಿದ್ದಾರೆ. ಕಿವಿಯಿಂದ ಕೇಳುವುದೇ ದೋಷವಾದರೆ ಕಣ್ಣಿನಿಂದ ಕಾಣುವುದು ಅದಕ್ಕಿಂತ ಕಡಿಮೆಯದೇನಲ್ಲ. ಇನ್ನೊಂದು ಉತ್ತರ ಕಿರಿಯರದು: ಅಲ್ಲಿ ಯಾರೂ ಸತ್ತಿಲ್ಲ, ಚೆಲ್ಲಿದ್ದು ರಕ್ತವಲ್ಲ ಬಣ್ಣ, ಬಿದ್ದ ನಟನು ಕ್ಯಾಮರಾ ನಿಂತೊಡನೆ ಎದ್ದು ಚಹಾ ಕುಡಿದಿದ್ದಾನೆ, ಪ್ರಾಣಘಾತವೇ ಇಲ್ಲದಲ್ಲಿ ಹಿಂಸೆ ಎಲ್ಲಿಂದ ಬಂತು? ಎರಡು ಉತ್ತರಗಳೂ ಸ್ವಲ್ಪ ಅವಸರದವು.

ಕಿರಿಯರ ಉತ್ತರಕ್ಕೆ ಕನ್ನಡದಲ್ಲಿಯೇ ಎಂಟುನೂರು ವರ್ಷಗಳ ಹಿಂದಿನ ಒಂದು ಪ್ರತ್ಯುತ್ತರವಿದೆ. 1209ರಲ್ಲಿ ಜನ್ನನು ಮುಗಿಸಿದ ಯಶೋಧರ ಚರಿತೆಯಲ್ಲಿ ಕೊಲೆಯಾದದ್ದು ಹಿಟ್ಟಿನ ಕೋಳಿ. ರಾಜನಿಗೆ ಕೆಟ್ಟ ಕನಸು ಬಿದ್ದಿದೆಯೆಂದು ತಿಳಿದ ತಾಯಿ ಚಂದ್ರಮತಿ ಬಲಿಯನ್ನು ಕೊಡಿಸಲು ಹಟ ಹಿಡಿಯುತ್ತಾಳೆ. ಯಶೋಧರನು ಜೀವವನ್ನು ಕೊಲ್ಲಲಾರೆನೆನ್ನುತ್ತಾನೆ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವಂತೆ ಹಿಟ್ಟಿನ ಹುಂಜವೊಂದು ಸಿದ್ಧವಾಗುತ್ತದೆ. ಕತ್ತಿ ತಾಗಿದಾಗ ಆ ಹುಂಜ ಕೂಗಿತು. ಆ ಒಂದು ಏಟಿಗಾಗಿ ತಾಯಿಯೂ ಮಗನೂ ನವಿಲಾಗಿ ನಾಯಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಬಣ್ಣ ನೀರಿನ ರಕ್ತ ನಿರಪಾಯವೆನ್ನುವವರು ಈ ಹುಂಜದ ಕೂಗನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಸಂಕಲ್ಪದಲ್ಲಿ ಕೊಂದವನು ಕೊಂದವನೇ.

ಆದರೂ ಈ ದೃಷ್ಟಾಂತವನ್ನು ಸಿನೆಮಾದ ಪ್ರೇಕ್ಷಕನ ಮೇಲೆ ಹಾಗೆಯೇ ಹೇರಿದರೆ ಅನ್ಯಾಯವಾಗುತ್ತದೆ. ಕತ್ತಿ ಹಿಡಿದದ್ದು ಯಶೋಧರನ ಕೈ. ಪ್ರೇಕ್ಷಕನ ಕೈಯಲ್ಲಿ ಕತ್ತಿಯಿಲ್ಲ; ಕೊಲ್ಲುವವನ ಮೇಲೆ ಅವನಿಗೆ ಪ್ರೀತಿಯೂ ಇಲ್ಲ. ಕೊಲೆಗಾರನು ಸಿಕ್ಕಿಬೀಳಲೆಂದೇ ಅವನು ಹಾರೈಸುತ್ತ ಕುಳಿತಿರುತ್ತಾನೆ. ಹೀಗಿರುವಾಗ ಅವನ ದೋಷ ಯಾವುದು? ನಮ್ಮ ಶಾಸ್ತ್ರಕಾರರು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಗಳನ್ನು ಹೇಳಿದ್ದಾರೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಳಗೊಳಗೆ ಸಮ್ಮತಿಸಿದ್ದು. ಮೊದಲಿನ ಎರಡರಿಂದ ಪ್ರೇಕ್ಷಕನು ಪಾರಾಗಬಹುದು. ಮೂರನೆಯದನ್ನು ಕುರಿತು ಕೊಂಚ ನಿಧಾನವಾಗಿ ಯೋಚಿಸಬೇಕಾಗಿದೆ.

ಈ ಜಾತಿಯ ಚಿತ್ರಗಳ ಕಟ್ಟಡವನ್ನು ಗಮನಿಸಿ. ಮೊದಲನೆಯ ಹೆಣ ದೊರೆಯುತ್ತದೆ. ಪತ್ತೇದಾರನಿಗೆ ಏನೂ ತಿಳಿಯುವುದಿಲ್ಲ. ಎರಡನೆಯದು ದೊರೆತಾಗ ಎರಡರ ನಡುವಣ ಹೋಲಿಕೆಯೊಂದು ಕಾಣುತ್ತದೆ. ಆ ಹೋಲಿಕೆ ನಿಜವೋ ಆಕಸ್ಮಿಕವೋ ಎಂಬುದು ಗೊತ್ತಾಗಬೇಕಾದರೆ ಮೂರನೆಯ ಸಾವು ಬೇಕು. ಮಧ್ಯಂತರದ ಹೊತ್ತಿಗೆ ಪ್ರೇಕ್ಷಕನು ಆ ಮೂರನೆಯದನ್ನು ಕಾಯುತ್ತಿರುತ್ತಾನೆ. ಅವನು ಕ್ರೂರಿಯಲ್ಲ, ಕಥೆ ಮುಂದೆ ಸಾಗಲೆಂಬ ಆಸೆ ಅಷ್ಟೆ. ಆದರೆ ಕಥೆ ಮುಂದೆ ಸಾಗುವುದೆಂದರೆ ಇನ್ನೊಬ್ಬರು ಸಾಯುವುದು ಎಂಬ ಏರ್ಪಾಟಿನಲ್ಲಿ ಅವನು ಕುಳಿತಿದ್ದಾನೆ. ಅರ್ಧ ತಾಸು ಯಾರೂ ಸಾಯದಿದ್ದರೆ ಚಿತ್ರ ಎಳೆದಂತಾಗಿದೆಯೆಂದು ದೂರುತ್ತಾನೆ. ಇದನ್ನು ಹಿಂಸಾನಂದವೆಂಬ ರೌದ್ರಧ್ಯಾನವೆಂದು ಕರೆದರೆ ಮಾತು ಅತಿಯಾದೀತು. ಹಿಂಸೆಯಲ್ಲಿ ನೇರವಾಗಿ ಸುಖಿಸುವ ಪ್ರೇಕ್ಷಕರು ವಿರಳ. ಆದರೆ ಅನುಮೋದನೆಯೆಂಬ ಶಬ್ದಕ್ಕೆ ಇದು ಹೊರಗಿನದೆಂದು ಹೇಳುವುದೂ ಕಷ್ಟವೇ.

ಇನ್ನು ಹಿರಿಯರ ಉತ್ತರ. ಕೊಲೆ, ಕಳವು, ಬೇಟೆಗಳ ಕಥೆಯೆಲ್ಲ ದುಃಶ್ರುತಿಯಾದರೆ ನಮ್ಮ ಮನೆಯ ಎಷ್ಟೋ ಗ್ರಂಥಗಳನ್ನು ಕಪಾಟಿನಿಂದ ಕೆಳಗಿಳಿಸಬೇಕಾಗುತ್ತದೆ. ಇದೇ ಗದಗು ಸೀಮೆಯ ಮುಳುಗುಂದದಲ್ಲಿ 1112ರಲ್ಲಿ ಧರ್ಮಾಮೃತವನ್ನು ರಚಿಸಿದ ನಯಸೇನನು ಸಮ್ಯಕ್ತ್ವದ ಅಂಗಗಳನ್ನೂ ಅಣುವ್ರತಗಳನ್ನೂ ಬೋಧಿಸಲು ಆರಿಸಿಕೊಂಡದ್ದು ಕಥೆಯ ಮಾರ್ಗವನ್ನೇ. ಆ ಕಥೆಗಳಲ್ಲಿ ಸಜ್ಜನರು ಮಾತ್ರವೇ ಓಡಾಡುವುದಿಲ್ಲ. ಅವನಿಗೂ ಹಿಂದಿನ ವಡ್ಡಾರಾಧನೆಯಲ್ಲಿ ಕೇಳುವವರ ಮೈ ಜುಮ್ಮೆನ್ನಿಸುವ ಕ್ರೌರ್ಯದ ವರ್ಣನೆಗಳಿವೆ. ಅದರ ಹತ್ತೊಂಬತ್ತು ಕಥೆಗಳಲ್ಲಿ ಒಂದಾದ ವಿದ್ಯುಚ್ಚೋರನ ಕಥೆಯನ್ನು ಕನ್ನಡದ ಮೊಟ್ಟಮೊದಲ ಪತ್ತೇದಾರಿ ಕಥೆಯೆಂದು ಯಾರಾದರೂ ಕರೆದರೆ ಜಗಳವಾಡುವಂತಿಲ್ಲ.

ಹಗಲೆಲ್ಲ ಕುಷ್ಠರೋಗಿಯಂತೆ ವೇಷ ತೊಟ್ಟು ಹಾಳು ಗುಡಿಯಲ್ಲಿ ಬಿದ್ದಿರುವವನು ವಿದ್ಯುಚ್ಚೋರ. ರಾತ್ರಿಯಾದರೆ ಊರನ್ನು ಸೂರೆ ಮಾಡುವವನು ಅವನೇ. ಅರಸನ ಹಾರವೇ ಕಳುವಾದಾಗ ತಳಾರನಾದ ಯಮದಂಡನಿಗೆ ಏಳು ದಿನಗಳ ಗಡುವು ಬೀಳುತ್ತದೆ. ಕಳ್ಳನನ್ನು ಹಿಡಿದು ತಾರದಿದ್ದರೆ ಕಳ್ಳನ ಶಿಕ್ಷೆ ತಳಾರನಿಗೆ. ಇಂದಿನ ಯಾವ ಚಿತ್ರಕಥೆಗಾರನೂ ಇದಕ್ಕಿಂತ ಬಿಗಿಯಾದ ಗಡುವನ್ನು ಕಂಡುಹಿಡಿದಿಲ್ಲ. ಏಳನೆಯ ದಿನ ಯಮದಂಡನು ಆ ರೋಗಿಯನ್ನೇ ಹಿಡಿದು ತರುತ್ತಾನೆ. ರಾತ್ರಿಯೆಲ್ಲ ಮೂವತ್ತೆರಡು ಬಗೆಯ ದಂಡನೆಗಳನ್ನು ಕೊಟ್ಟರೂ ಅವನು ಬಾಯಿ ಬಿಡುವುದಿಲ್ಲ. ಮರುದಿನ ಅರಸನು ಅಭಯವನ್ನಿತ್ತು ಕೇಳಿದಾಗ ತಾನೇ ಚೋರನೆಂದು ಒಪ್ಪಿಕೊಳ್ಳುತ್ತಾನೆ. ಇಷ್ಟು ನೋವನ್ನು ಹೇಗೆ ಸಹಿಸಿದೆಯೆಂದು ಅರಸನು ಬೆರಗಾದರೆ, ನರಕದ ದುಃಖಗಳನ್ನು ಮುನಿಗಳಿಂದ ಕೇಳಿದ್ದೆನೆಂದೂ ಅದರ ಮುಂದೆ ಇದು ಏನೂ ಅಲ್ಲವೆಂದೂ ಹೇಳುತ್ತಾನೆ. ಮೆಚ್ಚಿದ ಅರಸನಿಂದ ಅವನು ಬೇಡಿದ್ದು ತನ್ನನ್ನು ಬೇಟೆಯಾಡಿದ ಯಮದಂಡನಿಗೆ ಅಭಯವನ್ನು! ಇಬ್ಬರೂ ಬಾಲ್ಯದ ಗೆಳೆಯರು. ಒಬ್ಬನು ಚೋರಶಾಸ್ತ್ರವನ್ನೂ ಇನ್ನೊಬ್ಬನು ತಳಾರಶಾಸ್ತ್ರವನ್ನೂ ಕಲಿತವರು. ನೀನು ಕಾಯುವ ಊರಿನಲ್ಲಿಯೇ ನಾನು ಕದಿಯುವೆನೆಂಬ ಪಣದಿಂದ ಇದೆಲ್ಲ ನಡೆದಿತ್ತು. ಮುಂದೆ ಅದೇ ವಿದ್ಯುಚ್ಚೋರನು ತಪಸ್ವಿಯಾಗಿ ಘೋರವಾದ ಉಪಸರ್ಗವನ್ನು ಸಹಿಸುತ್ತಾನೆ.

ಶ್ವೇತಾಂಬರ ಆಗಮಗಳಲ್ಲಿ ಒಂದಾದ ಅಂತಕೃದ್ದಶಾಂಗವು ಹೇಳುವ ಅರ್ಜುನಮಾಲಿಯ ಕಥೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿರುವವನು ನಿಜವಾಗಿ ಸರಣಿ ಹಂತಕ. ರಾಜಗೃಹದ ಹೂವಾಡಿಗನಾದ ಅವನು ತನ್ನ ಕಣ್ಣೆದುರೇ ಹೆಂಡತಿಯ ಮೇಲೆ ಅತ್ಯಾಚಾರ ನಡೆದಾಗ, ತಾನು ಪೂಜಿಸಿದ ಮುದ್ಗರಪಾಣಿ ಯಕ್ಷನ ಆವೇಶಕ್ಕೊಳಗಾಗಿ ಆ ಆರು ಮಂದಿಯನ್ನೂ ಹೆಂಡತಿಯನ್ನೂ ಕೊಂದನು. ಅಲ್ಲಿಂದ ಮುಂದೆ ದಿನವೂ ಆರು ಪುರುಷರು, ಒಬ್ಬ ಸ್ತ್ರೀ. ಊರ ಬಾಗಿಲುಗಳು ಮುಚ್ಚಿದವು. ಭಗವಾನ್ ಮಹಾವೀರರ ದರ್ಶನಕ್ಕೆ ಹೊರಟ ಸುದರ್ಶನನೆಂಬ ಶ್ರಾವಕನು ಅವನೆದುರು ಕಾಯೋತ್ಸರ್ಗದಲ್ಲಿ ನಿಂತಾಗ ಯಕ್ಷನ ಬಲ ನಡೆಯದೆ ಅರ್ಜುನನು ನೆಲಕ್ಕುರುಳಿದನು. ಆಮೇಲೆ ದೀಕ್ಷೆ.

ಸಿನೆಮಾದವರು ಕಥೆಯನ್ನು ಮುಗಿಸುವುದು ಇಲ್ಲಿ. ಆಗಮವು ಮುಂದುವರಿಯುವುದೂ ಇಲ್ಲಿಂದಲೇ. ಭಿಕ್ಷೆಗಾಗಿ ರಾಜಗೃಹದ ಬೀದಿಗೆ ಬಂದ ಆ ಮುನಿಯನ್ನು ಜನರು ಗುರುತಿಸಿದರು. ಇವನು ನನ್ನ ತಂದೆಯನ್ನು ಕೊಂದವನೆಂದು ಒಬ್ಬನು, ತಾಯಿಯನ್ನು ಕೊಂದವನೆಂದು ಇನ್ನೊಬ್ಬನು, ಮಗನನ್ನು, ಸೊಸೆಯನ್ನು, ತಂಗಿಯನ್ನು ಕೊಂದವನೆಂದು ಮತ್ತೊಬ್ಬನು ಬೈದರು, ಹೊಡೆದರು. ಅನ್ನ ಸಿಕ್ಕ ದಿನ ನೀರಿಲ್ಲ, ನೀರು ಸಿಕ್ಕ ದಿನ ಅನ್ನವಿಲ್ಲ. ಸತ್ತವರು ಇಲ್ಲಿ ತಮ್ಮವರ ಬಾಯಲ್ಲಿ ತಂದೆಯಾಗಿ, ತಾಯಿಯಾಗಿ, ಮಗನಾಗಿ ತಿರುಗಿ ಬರುತ್ತಾರೆ. ಆ ಬೈಗಳು ನ್ಯಾಯವಾದವೆಂದು ತಿಳಿದೇ ಮುನಿ ಸಹಿಸುತ್ತಾನೆ.

ಪರಮತದ ಕಥೆಗಳಲ್ಲಿಯೂ ಈ ಎಚ್ಚರವಿಲ್ಲದಿಲ್ಲ. ಸಿಂಗಟಾಲೂರಿನ ಗುಡ್ಡದ ಮೇಲಿರುವುದು ವೀರಭದ್ರೇಶ್ವರನ ಸನ್ನಿಧಿ. ಪುರವಂತರು ಖಡ್ಗ ಹಿಡಿದು ಒಡಪು ಹೇಳುವ ದಕ್ಷಯಜ್ಞದ ಕಥೆಯಲ್ಲಿ ತಲೆ ಕಡಿದದ್ದಕ್ಕೇ ಕಥೆ ಮುಗಿಯುವುದಿಲ್ಲ. ಕುರಿಯ ತಲೆಯನ್ನಾದರೂ ಜೋಡಿಸಿ ದಕ್ಷನನ್ನು ಎಬ್ಬಿಸಿದ ಮೇಲೆಯೇ ಅದಕ್ಕೆ ಮಂಗಳ. ಕೊಲೆಯಾದವನಿಗೆ ಏನಾಯಿತೆಂಬುದನ್ನು ಹಳೆಯ ಕಥೆಗಾರರು ಮರೆಯಲಿಲ್ಲ.

ಹಾಗಾದರೆ ದುಃಶ್ರುತಿಯನ್ನು ಗುರುತಿಸುವ ಬಗೆ ಹೇಗೆ? ರಕ್ತದ ಪ್ರಮಾಣದಿಂದ ಸಾಧ್ಯವಿಲ್ಲ. ವಡ್ಡಾರಾಧನೆಯೇ ಆ ಪರೀಕ್ಷೆಯಲ್ಲಿ ಸೋತೀತು. ಕಥೆಯು ಕೇಳುವವನ ಗಮನವನ್ನು ಯಾರ ಕಡೆಗೆ ತಿರುಗಿಸುತ್ತದೆ, ಯಾರನ್ನು ಮರೆಯುವಂತೆ ಕಲಿಸುತ್ತದೆ ಎಂಬುದನ್ನು ನೋಡಬೇಕು. ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಕರಣವನ್ನು ಸಿನೆಮಾದ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

2003ರಿಂದ 2009ರವರೆಗೆ ಮೋಹನ್ ಕುಮಾರನೆಂಬವನು ಇಪ್ಪತ್ತು ಮಂದಿ ಸ್ತ್ರೀಯರನ್ನು ಸೈನೈಡ್ ಕೊಟ್ಟು ಕೊಂದನು. ಅವನು ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ವರದಕ್ಷಿಣೆ ಕೊಡಲು ಶಕ್ತಿಯಿಲ್ಲದ ಬಡ ಮನೆಗಳ, ಮದುವೆಯ ವಯಸ್ಸು ಮೀರುತ್ತಿದೆಯೆಂಬ ಮಾತನ್ನು ದಿನವೂ ಕೇಳುತ್ತಿದ್ದ ಹೆಣ್ಣುಮಕ್ಕಳನ್ನು ಅವನು ಪರಿಚಯ ಮಾಡಿಕೊಳ್ಳುತ್ತಿದ್ದ, ಅವರ ಜಾತಿಗೆ ಹೊಂದುವ ಹೆಸರೊಂದನ್ನು ಹೇಳಿಕೊಳ್ಳುತ್ತಿದ್ದ, ವರದಕ್ಷಿಣೆ ಬೇಡವೆನ್ನುತ್ತಿದ್ದ. ದೂರದ ಊರಿನ ವಸತಿಗೃಹದಲ್ಲಿ ಒಂದು ರಾತ್ರಿ ಕಳೆದು, ಒಡವೆಗಳನ್ನು ಅಲ್ಲಿಯೇ ಬಿಡಿಸಿ, ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲೆಂದು ಹೇಳಿ ಗುಳಿಗೆಯೊಂದನ್ನು ಕೊಡುತ್ತಿದ್ದ. ಅದನ್ನು ಶೌಚಾಲಯದಲ್ಲಿ ನುಂಗಲು ಹೇಳುತ್ತಿದ್ದ. ಮೈಸೂರು, ಬೆಂಗಳೂರು ಮುಂತಾದ ಊರುಗಳ ನಿಲ್ದಾಣಗಳ ಶೌಚಾಲಯಗಳಲ್ಲಿ ಹೆಣಗಳು ದೊರೆತವು. ಒಂದೊಂದೂ ಬೇರೆ ಬೇರೆ ಠಾಣೆಗಳಲ್ಲಿ ಅಸಹಜ ಸಾವೆಂದು ದಾಖಲಾಗಿ, ಗುರುತು ಸಿಗದ ಶವವೆಂದು ಮುಗಿದುಹೋಯಿತು.

ಈ ಆರು ವರ್ಷಗಳಲ್ಲಿ ಅವನ ಬೆನ್ನು ಹತ್ತಿದ ಪತ್ತೇದಾರ ಯಾರು? ಯಾರೂ ಇಲ್ಲ. ಸಿನೆಮಾಕ್ಕೂ ನಿಜಕ್ಕೂ ಇರುವ ದೊಡ್ಡ ಅಂತರ ಇದು. ಚಿತ್ರದಲ್ಲಿ ಮೊದಲ ಹೆಣದ ಬಳಿಯಲ್ಲಿಯೇ ನಿದ್ದೆಗೆಟ್ಟ ಅಧಿಕಾರಿಯೊಬ್ಬನು ಬಂದು ನಿಂತಿರುತ್ತಾನೆ. ಹಂತಕನು ಅವನಿಗಿಂತ ಒಂದು ಹೆಜ್ಜೆ ಮುಂದಿರುವ ಮಹಾಬುದ್ಧಿವಂತ. ಆದ್ದರಿಂದಲೇ ಸಾವುಗಳು ಮುಂದುವರಿಯುತ್ತವೆ. ನಿಜದಲ್ಲಿ ಸಾವುಗಳು ಮುಂದುವರಿದದ್ದು ಯಾರೂ ಕೇಳದೆ ಇದ್ದದ್ದರಿಂದ. ಮಗಳು ಯಾರೊಂದಿಗೋ ಹೋಗಿ ಎಲ್ಲಿಯೋ ಸುಖವಾಗಿದ್ದಾಳೆಂದು ಮನೆಯವರು ಸಮಾಧಾನ ತಂದುಕೊಂಡರು, ಇಲ್ಲವೇ ಮಾನಕ್ಕಂಜಿ ಬಾಯಿ ಮುಚ್ಚಿಕೊಂಡರು. ಒಂದು ಠಾಣೆಯ ಕಡತಕ್ಕೂ ಇನ್ನೊಂದು ಠಾಣೆಯ ಕಡತಕ್ಕೂ ಮಾತುಕತೆಯಿರಲಿಲ್ಲ. ಹಂತಕನ ಬಂಡವಾಳ ಜಾಣತನವಾಗಿರಲಿಲ್ಲ. ಬಡವರ ಮನೆಯ ಹೆಣ್ಣುಮಗಳೊಬ್ಬಳು ಕಾಣೆಯಾದರೆ ಲೋಕ ಎಷ್ಟು ದಿನ ಹುಡುಕುತ್ತದೆಂಬುದರ ಸರಿಯಾದ ಲೆಕ್ಕ ಅವನಿಗಿತ್ತು.

ಕೊನೆಗೆ ಹುಡುಕಾಟ ಆರಂಭವಾದ ರೀತಿಯೂ ನಮ್ಮ ಹೆಮ್ಮೆಯನ್ನು ಹೆಚ್ಚಿಸುವಂಥದ್ದಲ್ಲ. 2009ರ ಜೂನ್ ತಿಂಗಳಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ, ಅನ್ಯಮತೀಯನೊಬ್ಬನೊಂದಿಗೆ ಓಡಿಹೋಗಿದ್ದಾಳೆಂಬ ಗುಲ್ಲು ಹಬ್ಬಿ ಜನರು ಪ್ರತಿಭಟಿಸಿದರು. ಆ ಗುಲ್ಲು ಸುಳ್ಳಾಗಿತ್ತು. ಅದರ ಒತ್ತಡದಿಂದ ನಡೆದ ತನಿಖೆ ಮಾತ್ರ ನಿಜವಾಯಿತು. ಆಕೆಯ ದೂರವಾಣಿಯ ಕರೆಗಳ ಜಾಡು ಹಿಡಿದು ಹೋದ ಪೊಲೀಸರಿಗೆ ಕಾಣೆಯಾದ ಇನ್ನೊಬ್ಬಳು, ಅವಳಿಂದ ಮತ್ತೊಬ್ಬಳು ಹೀಗೆ ಸಾಲು ತೆರೆದುಕೊಂಡಿತು. ಅಕ್ಟೋಬರಿನಲ್ಲಿ ಅವನು ಸೆರೆಯಾದನು. ಒಬ್ಬಳನ್ನು ಹುಡುಕಲು ಹೊರಟದ್ದರಿಂದಲೇ ಇಪ್ಪತ್ತು ಮಂದಿ ಸಿಕ್ಕರು; ಅಂದರೆ ಅವರಲ್ಲಿ ಮೊದಲಿನವಳನ್ನು ಯಾರಾದರೂ ಇದೇ ಛಲದಿಂದ ಹುಡುಕಿದ್ದರೆ? ಈ ಪ್ರಶ್ನೆಯನ್ನು ಯಾವ ಒಬ್ಬ ಅಧಿಕಾರಿಯ ತಲೆಗೂ ಕಟ್ಟುವಂತಿಲ್ಲ. ವರದಕ್ಷಿಣೆಯನ್ನು ಕೇಳಿದವರು, ಕೊಟ್ಟವರು, ನೆರೆಮನೆಯ ಹುಡುಗಿ ಎಲ್ಲಿ ಹೋದಳೆಂದು ಕೇಳದೆ ಸುಮ್ಮನಾದವರು, ಎಲ್ಲರಿಗೂ ಇದರಲ್ಲಿ ಪಾಲಿದೆ.

ಜೈನಾಚಾರ್ಯರು ಹಿಂಸೆಯನ್ನು ಲಕ್ಷಣಿಸುವಾಗ ಪ್ರಾಣಘಾತಕ್ಕಿಂತ ಮೊದಲು ಪ್ರಮಾದವನ್ನು ಇರಿಸಿದರೆಂಬುದನ್ನು ಸ್ವಾಧ್ಯಾಯ ಮಾಡಿದವರೆಲ್ಲ ಬಲ್ಲರು. ಎಚ್ಚರಗೇಡಿಯಾಗಿ ನಡೆಯುವವನು ಯಾವ ಜೀವಿ ಸತ್ತರೂ ಸಾಯದಿದ್ದರೂ ಹಿಂಸಕನೇ ಎಂಬಷ್ಟು ದೂರ ಅವರು ಹೋದರು. ಸಾಮಾನ್ಯವಾಗಿ ಇದನ್ನು ನಡೆಯುವಾಗ ನೆಲ ನೋಡುವುದಕ್ಕೂ ದೀಪದ ಹುಳುಗಳಿಗೂ ಮೀಸಲಿಟ್ಟಿದ್ದೇವೆ. ಆರು ವರ್ಷ ಇಪ್ಪತ್ತು ಹೆಣ್ಣುಮಕ್ಕಳನ್ನು ಗಮನಿಸದೆ ಉಳಿದ ಆ ಸಾಮೂಹಿಕ ಮರೆವಿಗೆ ಪ್ರಮಾದವೆಂಬ ಶಬ್ದ ಎಷ್ಟು ಸರಿಯಾಗಿ ಒಪ್ಪುತ್ತದೆ! ಹಂತಕನದು ಸಂಕಲ್ಪಹಿಂಸೆ. ಅದಕ್ಕೆ ಆರು ವರ್ಷಗಳ ಆಯುಷ್ಯ ಕೊಟ್ಟದ್ದು ಇತರರ ಪ್ರಮಾದ.

ಸಿನೆಮಾದ ಮೇಲಿನ ಆಕ್ಷೇಪಣೆಗೆ ಈಗ ನೆಲೆ ದೊರೆಯುತ್ತದೆ. ಬಹುತೇಕ ಹಂತಕ ಚಿತ್ರಗಳು ಪ್ರೇಕ್ಷಕನಿಗೆ ಇದೇ ಪ್ರಮಾದದ ಅಭ್ಯಾಸವನ್ನು ಮಾಡಿಸುತ್ತವೆ. ಕೊಲೆಗಾರನ ಬಾಲ್ಯ, ಅವನ ಕೋಣೆಯ ಗೋಡೆ, ಅವನ ಕೈಬೆರಳುಗಳ ನಡುಕ ಎಲ್ಲವೂ ನಮಗೆ ತಿಳಿದಿರುತ್ತದೆ. ಸತ್ತವಳ ಬಗ್ಗೆ ತಿಳಿದಿರುವುದು ಅವಳ ದೇಹ ಯಾವ ಭಂಗಿಯಲ್ಲಿ ಬಿದ್ದಿತ್ತೆಂಬುದಷ್ಟೆ. ಚಿತ್ರ ಮುಗಿದ ಮೇಲೆ ಸತ್ತವರ ಹೆಸರುಗಳನ್ನು ಹೇಳಿರೆಂದು ಮನೆಯ ಮಕ್ಕಳನ್ನು ಕೇಳಿ ನೋಡಬಹುದು; ಹಂತಕನ ಹೆಸರನ್ನು ಎಲ್ಲರೂ ಹೇಳುತ್ತಾರೆ.

ಎಲ್ಲ ಚಿತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮೋಹನ್ ಕುಮಾರನ ಪ್ರಕರಣವನ್ನು ಹೋಲುವ ಕಥೆಯುಳ್ಳ ಹಿಂದಿ ಸರಣಿ 'ದಹಾಡ್' 2023ರಲ್ಲಿ ಬಂದಿತು. ರಾಜಸ್ಥಾನಕ್ಕೆ ಸ್ಥಳಾಂತರಗೊಂಡ ಆ ಕಥೆಯಲ್ಲಿ ಹುಡುಕುವವಳು ಒಬ್ಬ ಮಹಿಳಾ ಸಬ್‌ಇನ್‌ಸ್ಪೆಕ್ಟರ್. ಜಾತಿ, ವರದಕ್ಷಿಣೆ, ಮದುವೆಯಾಗದ ಮಗಳ ಮನೆಯ ಉಸಿರುಕಟ್ಟು ಇವುಗಳ ಮೇಲೆ ಅದು ಕಣ್ಣಿಡುತ್ತದೆ. ಪ್ರಮಾದವನ್ನು ಕಥೆಯ ವಿಷಯವನ್ನಾಗಿ ಮಾಡಿಕೊಂಡದ್ದು ಅದರ ಹೆಚ್ಚುಗಾರಿಕೆ. 2025ರಲ್ಲಿ ಬಂದ ಮಲಯಾಳದ 'ಕಳಂಕಾವಲ್' ಚಿತ್ರಕ್ಕೂ ಇದೇ ಪ್ರಕರಣ ಪ್ರೇರಣೆಯೆನ್ನಲಾಯಿತು; ಅಲ್ಲಿ ಕೊಲೆಗಾರನ ಪಾತ್ರವನ್ನು ಧರಿಸಿದವರು ಮಮ್ಮುಟ್ಟಿ, ಬೆನ್ನು ಹತ್ತುವ ಅಧಿಕಾರಿ ವಿನಾಯಕನ್. ದೊಡ್ಡ ನಟನೊಬ್ಬನು ನಾಯಕತ್ವದ ಕವಚವನ್ನು ಕಳಚಿ ದುಷ್ಟನಾಗಿ ನಟಿಸುವುದು ಕಲೆಯ ದೃಷ್ಟಿಯಿಂದ ಧೈರ್ಯವೇ. ಆದರೆ ಐವತ್ತು ವರ್ಷಗಳಿಂದ ಜನ ಪ್ರೀತಿಸಿದ ಮುಖವೊಂದು ತೆರೆಯ ಮೇಲಿರುವಾಗ ಪ್ರೇಕ್ಷಕನ ಕಣ್ಣು ಬೇರೆ ಯಾರ ಮೇಲೆ ನಿಂತೀತು? ನಮ್ಮ ಕನ್ನಡದ್ದೇ ಆದ 2012ರ 'ದಂಡುಪಾಳ್ಯ'ದ ಮಾತೂ ಇಲ್ಲಿ ನೆನಪಾಗುತ್ತದೆ. ಹೊಸಕೋಟೆ ತಾಲೂಕಿನ ಒಂದು ಹಳ್ಳಿಯ ಹೆಸರು ಆ ಚಿತ್ರದಿಂದಾಗಿ ನಾಡಿಗೆಲ್ಲ ಭೀತಿಯ ಪರ್ಯಾಯಪದವಾಯಿತು. ಅಲ್ಲಿ ಹೊಲ ಉಳುತ್ತ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವವರು ಆ ಹೆಸರನ್ನು ಹೊತ್ತೇ ಬಾಳಬೇಕು.

ಚಿತ್ರಗಳ ಕೊನೆಯ ಗುಂಡಿನ ಬಗ್ಗೆಯೂ ಎರಡು ಮಾತು ಸಲ್ಲುತ್ತದೆ. ಎರಡು ತಾಸು ಕೊಲೆಯನ್ನು ಕಂಡು ಬೆದರಿದ ಪ್ರೇಕ್ಷಕರು ಹಂತಕನು ಸಾಯುವಾಗ ಶಿಳ್ಳೆ ಹಾಕುತ್ತಾರೆ. ಗೃಹಸ್ಥನಿಗೂ ರಾಜ್ಯವನ್ನು ಕಾಯುವವನಿಗೂ ವಿರೋಧಿ ಹಿಂಸೆ ಅನಿವಾರ್ಯವಾಗಬಹುದೆಂದು ನಮ್ಮವರು ಒಪ್ಪಿದ್ದಾರೆ, ಅದನ್ನು ಸಂತೋಷದಿಂದ ಮಾಡಬಹುದೆಂದು ಎಲ್ಲಿಯೂ ಹೇಳಿಲ್ಲ. ನಿಜದ ನ್ಯಾಯಾಲಯಕ್ಕೆ ಆ ಶಿಳ್ಳೆಯ ಅವಸರವಿರುವುದಿಲ್ಲ. ಮೋಹನ್ ಕುಮಾರನಿಗೆ 2013ರಲ್ಲಿ ಮಂಗಳೂರಿನ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು. 2017ರಲ್ಲಿ ಉಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ ಅದನ್ನು ಸಾಯುವತನಕದ ಸೆರೆವಾಸಕ್ಕೆ ಇಳಿಸಿತು. ಅಷ್ಟಕ್ಕೆ ವಿಚಾರಣೆ ಮುಗಿಯಲಿಲ್ಲ. ಒಂದು ಕೊಲೆಗೆ ಶಿಕ್ಷೆಯಾದ ಮೇಲೆ ಉಳಿದವುಗಳಿಂದ ಇವನಿಗೆ ಇನ್ನೇನಾಗಬೇಕು ಎಂದು ಬಿಟ್ಟುಬಿಡದೆ, ಒಬ್ಬೊಬ್ಬಳ ಸಾವನ್ನೂ ಬೇರೆ ಪ್ರಕರಣವಾಗಿ, ಅವಳ ಹೆಸರಿನಲ್ಲಿ, ಅವಳ ಊರಿನ ಸಾಕ್ಷಿಗಳನ್ನು ಕರೆಸಿ ಕೇಳಲಾಯಿತು. ಇಪ್ಪತ್ತನೆಯದಾದ ಕಾಸರಗೋಡಿನ ಕಡೆಯ ಯುವತಿಯ ಪ್ರಕರಣದ ತೀರ್ಪು ಹೊರಬಿದ್ದದ್ದು 2020ರ ಜೂನ್ ತಿಂಗಳಲ್ಲಿ, ಆಕೆ ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ.